ಮೀನಿನ ಪೆಟ್ಟಿಗೆಯಲ್ಲಿ ಅಣ್ಣನ ಕನ್ನಡಿ

ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಅನ್ನಕ್ಕಿಟ್ಟರೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತೇನೆ. ಬಸ್ಸು ಹತ್ತಿದರೆ ಮನೆಯ ಕೀಲಿ ಚೀಲದಲ್ಲಿದೆಯೋ ಇಲ್ಲವೋ ಎಂದು ಅಂಕೋಲೆಯಿಂದ ಕಾರವಾರ ಬರುವತನಕ ತಡಕುತ್ತಲೇ ಇರುತ್ತೇನೆ. ಅಂಕೋಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮಿಕ್ಸರು ಎನ್ನುತ್ತಾರೆ, ಅದೂ ಗೊತ್ತು. ಇಂಥವಳ ಕೈಗೆ ಅಣ್ಣ ತನ್ನ ದುರ್ಬೀನು ಕೊಟ್ಟು, ಘಟ್ಟ ಹತ್ತಿಸಿ, ರಾಯಚೂರು ಕಡೆಯ ಒಂದು ಶಾಲೆಗೆ ಮುಟ್ಟಿಸು ಎಂದ. ನನ್ನನ್ನೇ ಯಾಕೆ ಕೇಳಿದ ಎಂದು ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತೇನೆ.

ದುರ್ಬೀನು ಎಂದರೆ ಕೊರಳಿಗೆ ನೇತುಹಾಕಿಕೊಳ್ಳುವ ಪುಟಾಣಿಯಲ್ಲ. ನಿಲ್ಲಿಸಿದರೆ ಬಾಗಿಲಿಗಿಂತ ಎತ್ತರ. ಅದರ ಜೀವವೆಲ್ಲ ಬುಡದಲ್ಲಿ ಕೂರುವ ಕನ್ನಡಿಯಲ್ಲಿ. ಹದಿನಾರು ಇಂಚು ಅಗಲ, ಎರಡು ಇಂಚು ದಪ್ಪದ ಗಾಜು. ಎತ್ತಿದರೆ ನಾಲ್ಕು ವರ್ಷದ ಮಗುವನ್ನು ಎತ್ತಿದಷ್ಟು ಭಾರ. ಕದ್ರಾ ವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್ ಆಗಿದ್ದ ಅಣ್ಣ ಅದನ್ನು ಕೈಯಲ್ಲೇ ಅರೆದವನು. ಕ್ವಾರ್ಟರ್ಸಿನ ಹಿಂದೆ ಮರಳು ತುಂಬಿದ ಒಂದು ಎಣ್ಣೆ ಡ್ರಮ್ಮು, ಅದರ ಮೇಲೆ ಒಂದು ಗಾಜಿನ ಬಿಲ್ಲೆ, ಅದರ ಮೇಲೆ ಸಾಣೆಪುಡಿ ಮತ್ತು ನೀರು, ಅದರ ಮೇಲೆ ಇನ್ನೊಂದು ಬಿಲ್ಲೆ. ಪಾಳಿ ಮುಗಿಸಿ ಬಂದವನು ಮೇಲಿನ ಬಿಲ್ಲೆಯನ್ನು ಹಿಂದೆ ಮುಂದೆ ತಿಕ್ಕುತ್ತ ಡ್ರಮ್ಮಿನ ಸುತ್ತ ನಡೆಯುತ್ತಿದ್ದ. ಗಾಜು ಎಲ್ಲ ಕಡೆಯಿಂದ ಸಮನಾಗಿ ಸವೆಯಬೇಕಾದರೆ ಸುತ್ತಲೇಬೇಕಂತೆ. ಹೀಗೆ ಮೂರು ವರ್ಷ. ಆ ನೆಲದಲ್ಲಿ ಹುಲ್ಲು ಹುಟ್ಟದ ದುಂಡನೆಯ ದಾರಿಯೊಂದು ಬಿದ್ದಿತ್ತು. ಅತ್ತಿಗೆ ಅದನ್ನು ಗಾಣ ಎನ್ನುತ್ತಿದ್ದಳು. ಫೋನು ಮಾಡಿದರೆ, "ನಿನ್ನ ಅಣ್ಣ ಗಾಣಕ್ಕೆ ಹೋಗಿದ್ದಾರೆ, ಆಮೇಲೆ ಮಾಡು" ಎನ್ನುವಳು.

ಅದು ಎರಡನೆಯ ಕನ್ನಡಿ. ಮೊದಲನೆಯದನ್ನು ಒಡೆದವಳು ನಾನು.

ಅದು ಹತ್ತು ಇಂಚಿನದು. ನಮ್ಮ ಶಾಲೆಯ ಮಕ್ಕಳಿಗೆ ಚಂದ್ರನನ್ನು ತೋರಿಸಬೇಕೆಂದು ಹಟ ಹಿಡಿದು, ಕದ್ರಾದಿಂದ ಬಾಡಿಗೆ ಜೀಪಿನಲ್ಲಿ ತರುತ್ತಿದ್ದೆ. ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕಾರವಾರದ ಪಕ್ಕದ ಶಿರವಾಡ ಹತ್ತಿರವಾಗುವಾಗ ಜೀಪು ಸಣ್ಣದೊಂದು ಉಬ್ಬು ದಾಟಿತು. ಕಂಬಳಿಯ ಹತ್ತಿರ ಎಲ್ಲೋ ಟಿಕ್ ಎಂದು ಕೇಳಿತು. ಅಲ್ಲಿಂದ ಮುಂದೆ ನನ್ನ ಜೀವ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ತಡೆಯಲಾರದೆ ಜೀಪು ನಿಲ್ಲಿಸಿ, ಬಾನೆಟ್ಟಿನ ಮೇಲೆ ಕಂಬಳಿ ಬಿಚ್ಚಿ ನೋಡಿದೆ. ಕನ್ನಡಿಗೆ ಏನೂ ಆಗಿರಲಿಲ್ಲ. ಟಿಕ್ ಎಂದದ್ದು ಬಾಗಿಲಿಗೆ ತಗುಲಿದ ನನ್ನದೇ ಬಳೆ. ನಿಟ್ಟುಸಿರು ಬಿಟ್ಟು ಮತ್ತೆ ಸುತ್ತುವಾಗ ಕಂಬಳಿಯ ತುದಿ ಕೈತಪ್ಪಿತು. ಕನ್ನಡಿ ಬಾನೆಟ್ಟಿನಿಂದ ಜಾರಿ ಡಾಂಬರಿನ ಮೇಲೆ ಬಿದ್ದು ಮೂರು ಹೋಳಾಯಿತು.

ಅದೇ ಜೀಪಿನಲ್ಲಿ ಕದ್ರಾಕ್ಕೆ ತಿರುಗಿ ಹೋಗಿ, ಜೀಪು ಗುಂಡಿಗೆ ಬಿತ್ತು ಎಂದು ಅಣ್ಣನಿಗೆ ಹೇಳಿದೆ. ಜೀಪಿನವನು ಪಕ್ಕದಲ್ಲೇ ನಿಂತಿದ್ದ. ನನ್ನ ಮುಖ ಒಮ್ಮೆ ನೋಡಿದ, ಬಾಯಿ ಬಿಡಲಿಲ್ಲ. ಅಣ್ಣ ಅವನನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಆ ಜೀಪನ್ನು ಮತ್ತೆಂದೂ ಕರೆಯಲಿಲ್ಲ, ಅಷ್ಟೇ. ಅವನು ಕರೆಯಲಿಲ್ಲವೆಂದು ಕ್ವಾರ್ಟರ್ಸಿನ ಉಳಿದವರೂ ಕರೆಯುವುದನ್ನು ಬಿಟ್ಟರು. ಒಂದು ವಾರದ ಮೇಲೆ ಅತ್ತಿಗೆಯ ಫೋನು ಬಂತು. "ಮತ್ತೆ ಗಾಣ ಶುರುವಾಯ್ತು ಮಾರಾಯ್ತಿ," ಎಂದಳು.

ಹೋದ ವರ್ಷ ಅಣ್ಣ ನಿವೃತ್ತನಾಗಿ, ಕ್ವಾರ್ಟರ್ಸ್ ಬಿಟ್ಟು, ಶಿರವಾಡದ ಮನೆಗೆ ಬಂದ. ಅಲ್ಲಿಯ ಆಕಾಶ ಈಗ ಕಪ್ಪಾಗುವುದೇ ಇಲ್ಲ. ಹೆದ್ದಾರಿಯ ದೀಪ, ರೈಲು ನಿಲ್ದಾಣದ ದೀಪ, ದೂರದ ಬಂದರಿನ ದೀಪ. ಸಾಲದ್ದಕ್ಕೆ ಉಪ್ಪುಗಾಳಿ ಕನ್ನಡಿಯ ಹೊಳಪನ್ನು ತಿನ್ನುತ್ತದೆ. ಅಣ್ಣನ ಬೆನ್ನೂ ಕೈಕೊಟ್ಟಿತ್ತು. ಒಂದು ಕೊಡ ನೀರು ಎತ್ತಬಾರದು ಎಂದಿದ್ದರು ಡಾಕ್ಟರು. ಅವನ ಜೊತೆ ಕೆಲಸ ಮಾಡಿ ರಾಯಚೂರಿಗೆ ವರ್ಗವಾಗಿ ಹೋದವರೊಬ್ಬರ ಹೆಂಡತಿ, ಆ ಕಡೆಯ ಹಳ್ಳಿಯೊಂದರಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಅಲ್ಲಿ ವರ್ಷದಲ್ಲಿ ಹತ್ತು ತಿಂಗಳು ಮೋಡವೇ ಇಲ್ಲ ಎಂದು ಅವರು ಹೇಳಿದ್ದೇ ತಡ, ಅಣ್ಣ ಕೊಟ್ಟುಬಿಡುತ್ತೇನೆ ಎಂದ. ಆಮೇಲೆ ನನಗೆ ಫೋನು ಮಾಡಿದ.

ಪೆಟ್ಟಿಗೆ ಮಾಡಲು ಅವನು ಕರೆಸಿದ್ದು ಕಾರವಾರದ ಬಂದರಿನ ಹತ್ತಿರ ಮೀನಿನ ಪೆಟ್ಟಿಗೆ ಮಾಡುವವರೊಬ್ಬರನ್ನು. ದೇವಬಾಗದವರು, ಅಣ್ಣನ ಜೊತೆ ಶಾಲೆ ಕಲಿತವರು. ಬೇರೆ ಯಾರನ್ನಾದರೂ ನೋಡೋಣ ಎಂದು ನಾನು ಹೇಳಿದ್ದಕ್ಕೆ ಅಣ್ಣ ಸಿಟ್ಟಾದ.

"ಅವನ ಪೆಟ್ಟಿಗಿ ಗೋವಾ ಕಂಡದೆ, ಕೇರಳ ಕಂಡದೆ. ಲಾರಿ ಮೇಲಿಂದ ಕೆಳಗೆ ಒಗದ್ರೂ ಬಾಯಿ ಬಿಡೂದಿಲ್ಲ. ನಿನ್ನ ಪೇಟೆ ಬಡಗಿ ಕುರ್ಚಿ ಮಾಡಲಿ," ಎಂದ.

ಪೆಟ್ಟಿಗೆಯೇನೋ ಗಟ್ಟಿಯಾಗಿಯೇ ಬಂತು. ಹೊರಗೆ ಹಲಗೆ, ಒಳಗೆ ಸುತ್ತ ಥರ್ಮಾಕೋಲು, ನಡುವೆ ಸ್ಪಂಜಿನ ಎರಡು ದಿಂಬು. ಅವುಗಳ ಮಧ್ಯೆ ಕನ್ನಡಿಯನ್ನು ಮಲಗಿಸದೆ ನಿಲ್ಲಿಸಬೇಕು, ಗಾಜು ನಿಂತೇ ಪ್ರಯಾಣ ಮಾಡಬೇಕು ಎಂದು ಅಣ್ಣ ಕುರ್ಚಿಯಲ್ಲಿ ಕೂತು ಹೇಳಿದ ಹಾಗೆಯೇ ಮಾಡಿದ್ದರು. ನಾನು ಮಾತ್ರ ಪೆಟ್ಟಿಗೆಯ ಸುತ್ತ ಸುತ್ತುತ್ತಿದ್ದೆ. ಮೊದಲು ಮೂಗಿಗೆ ಬಡಿದದ್ದು ವಾಸನೆ. ಹಳೆಯ ಮೀನಿನ ಪೆಟ್ಟಿಗೆಗಳ ಹಲಗೆಯನ್ನೇ ಹಾಕಿದ್ದರು. ಕೇಳಿದರೆ, ಹೊಸ ಹಲಗೆ ಬಿರಿಯುತ್ತದೆ, ಉಪ್ಪು ಕುಡಿದ ಹಲಗೆಯೇ ತಾಳುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ಕಂಡದ್ದು ತೂತುಗಳು. ಬುಡದ ಅಂಚಿನಲ್ಲಿ, ಸುತ್ತ ಸೇರಿ ಐದು, ಹೆಬ್ಬೆರಳು ಹೋಗುವಷ್ಟು.

"ಇದೆಂತದು?" ಎಂದೆ.

"ತೂತು ಅಕ್ಕೋರೆ."

"ಅದು ಕಾಣ್ತದೆ. ಎಂತಕೆ?"

"ನೀರ್ ಹೋಗೂಕೆ."

"ಇದ್ರಲ್ಲಿ ಬಂಗಡೆ ಹೋಗೂದಿಲ್ಲ ಮಾರಾಯ್ರೆ, ಐಸೂ ಇಲ್ಲ. ನೀರು ಎಲ್ಲಿಂದ ಬರ್ತದೆ?"

"ಎಲ್ಲಿಂದ ಬತ್ತದೆ ಅಂದ್ರೆ ನಂಗೇನ್ ಗೊತ್ತು? ಬತ್ತದೆ. ಬಂದ್ರೆ ಹೋಗೂಕೆ ದಾರಿ ಬೇಕು ಅಲ್ಲ?"

ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷ ಮೀನಿನ ಪೆಟ್ಟಿಗೆ ಮಾಡಿದ ಕೈ ಕನ್ನಡಿಗೂ ತೂತು ಕೊರೆದಿದೆ, ಅದನ್ನು ಒಪ್ಪಿಕೊಳ್ಳಲಿಕ್ಕಾಗದೆ ಈಗ ತತ್ವ ಹೇಳುತ್ತಾರೆ ಎಂದುಕೊಂಡೆ. ಅಣ್ಣನ ಕಡೆ ನೋಡಿದರೆ ಅವನು ಇರಲಿ ಬಿಡು ಎಂಬಂತೆ ಕೈಯಾಡಿಸಿದ. ಮುಚ್ಚಳಕ್ಕೆ ಸ್ಕ್ರೂ ಬಿಗಿದಾದ ಮೇಲೆ ನನ್ನನ್ನು ಹತ್ತಿರ ಕರೆದ.

"ತಂಗಿ, ಒಂದೇ ಮಾತು. ಅಲ್ಲಿ ಮುಟ್ಟೂವರೆಗೆ ಇದನ್ನ ತೆಗಿಬೇಡ."

"ಆಯ್ತು ಅಣ್ಣ."

"ಏನ್ ಕೇಳಿದ್ರೂ ತೆಗಿಬೇಡ."

ಏನು ಕಂಡರೂ ಎನ್ನಲಿಲ್ಲ, ಏನು ಕೇಳಿದರೂ ಎಂದ. ಆ ಟಿಕ್ ಅವನಿಗೆ ಗೊತ್ತಿದೆಯೇ? ತಲೆ ತಗ್ಗಿಸಿ ಹೂಂ ಎಂದೆ.

ಆ ಸಂಜೆ ಪೆಟ್ಟಿಗೆಯನ್ನೂ, ಹಾಸಿಗೆಯಲ್ಲಿ ಸುತ್ತಿದ ದುರ್ಬೀನಿನ ಮರದ ಪೀಠ ಮತ್ತು ಕೊಳವೆಯನ್ನೂ ಅಂಕೋಲೆಯ ನಮ್ಮ ಮನೆಗೆ ತಂದಿಟ್ಟೆವು. ಮರುದಿನ ಬೆಳಿಗ್ಗೆ ಆರಕ್ಕೆ ಟೆಂಪೋ ಬರಬೇಕಿತ್ತು. ಪಡಸಾಲೆಯಲ್ಲಿ ಪೆಟ್ಟಿಗೆ ಕೂತಿತ್ತು, ನಾನು ಕೂರಲಿಲ್ಲ. ಐದು ತೂತುಗಳು ಐದು ಕಣ್ಣುಗಳ ಹಾಗೆ ನನ್ನನ್ನೇ ನೋಡುತ್ತಿದ್ದವು. ಇರುವೆ ನುಗ್ಗಿದರೆ? ಜಿರಳೆ ನುಗ್ಗಿದರೆ? ದಾರಿಯ ದೂಳು? ಕೊನೆಗೆ ಹಳೆಯ ಸೀರೆಯ ಚೂರುಗಳನ್ನು ಹರಿದು, ಕರಗಿಸಿದ ಮೇಣದಬತ್ತಿಯಲ್ಲಿ ಅದ್ದಿ, ಐದನ್ನೂ ಗಟ್ಟಿಯಾಗಿ ತುರುಕಿದೆ. ಮುಚ್ಚಳ ಮುಟ್ಟಿಲ್ಲ, ಆದ್ದರಿಂದ ಮಾತು ತಪ್ಪಿದ ಹಾಗಾಗಲಿಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಹಾಗೆ ಮಾಡಿದ ಮೇಲೆ ಊಟ ಸೇರಿತು.

ಆರಕ್ಕೆ ಬರಬೇಕಾದ ಟೆಂಪೋ ಬಂದದ್ದು ಹನ್ನೊಂದು ದಾಟಿದ ಮೇಲೆ. ಡ್ರೈವರ್ ನಮ್ಮೂರಿನವನೇ, ದಿನಾ ಹುಬ್ಬಳ್ಳಿಗೆ ಮೀನು ಒಯ್ಯುವವನು. ಬರುವ ಮೊದಲೇ ಎಲ್ಲೋ ಒಂದು ಲೋಡು ಇಳಿಸಿ ಬಂದಿದ್ದ. ನಾನು ಕೂಗಾಡಿದ್ದಕ್ಕೆ ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಪೆಟ್ಟಿಗೆಯ ವಾಸನೆ ನೋಡಿ, "ಇದು ನಮ್ಮದೇ ಲೋಡಿನ ಹಾಂಗೆ ಅದೆ," ಎಂದು ನಕ್ಕ. ಹಗ್ಗ ಬಿಗಿದು, ಮೇಲೆ ತಾಡಪತ್ರಿ ಎಳೆದು ಕಟ್ಟಿದ.

ಹೆದ್ದಾರಿ ಹಿಡಿದ ಮೇಲೆ ನಮ್ಮ ಜಗಳ ಶುರುವಾಯಿತು. ನಿಧಾನ ಎಂದು ನಾನು. ನಿಧಾನವೇ ಎಂದು ಅವನು. ಸ್ವಲ್ಪ ಹೊತ್ತು ನಿಧಾನ ಹೋಗುತ್ತಿದ್ದ, ನಾನು ಹಿಂದಿನ ಗಾಜಿನಲ್ಲಿ ಪೆಟ್ಟಿಗೆ ನೋಡಿ ಮುಂದೆ ತಿರುಗುವಷ್ಟರಲ್ಲಿ ಗಾಡಿ ಮತ್ತೆ ಹಾರುತ್ತಿತ್ತು.

"ನನ್ನ ತಪ್ಪಲ್ಲ ಅಕ್ಕೋರೆ," ಎಂದ. "ಐಸ್ ಕರಗೂಕಿಲ್ಲ, ಮೀನ್ ಹಾಳಾಗೂಕಿಲ್ಲ. ನಿಧಾನ ಹೋಗೂದು ಎಂತಕೆ ಅಂತ ಈ ಕಾಲಿಗೇ ಅರ್ಥ ಆಗೂದಿಲ್ಲ."

"ಕಾಲಿಗೆ ನಾನು ಅರ್ಥ ಮಾಡಿಸ್ತೆ."

"ನೀವು ಮೊದ್ಲು ಕುತ್ತಿಗೆ ಮುಂದೆ ಮಾಡ್ಕಣಿ. ಹಾಂಗೆ ತಿರುಗಿಸ್ತಾ ಇದ್ರೆ ಉಳುಕ್ತದೆ."

ನಿಜವಾಗಿಯೂ ಉಳುಕಿತ್ತು. ಆದರೂ ತಿರುಗಿ ನೋಡುವುದನ್ನು ಬಿಡಲಿಲ್ಲ. ಮೊದಲ ಕನ್ನಡಿಯ ಮೂರು ಹೋಳುಗಳನ್ನು ಅಣ್ಣ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದ, ಕ್ವಾರ್ಟರ್ಸ್ ಬಿಡುವಾಗಲೂ ಎಸೆಯದೆ ಶಿರವಾಡಕ್ಕೆ ತಂದಿದ್ದ. ಅದನ್ನು ನನಗೆ ಅತ್ತಿಗೆ ಹೇಳಿದ್ದಳು. ಪ್ರತಿ ಗುಂಡಿಗೂ ಅದೇ ನೆನಪಾಗುತ್ತಿತ್ತು.

ದಸರೆ ಕಳೆದಿದ್ದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಹೊರಟಿದ್ದರೆ ಒಣಗಿದ ದಾರಿಯಲ್ಲೇ ಘಟ್ಟ ದಾಟುತ್ತಿದ್ದೆವು. ರಾಮನಗುಳಿ ದಾಟುವಾಗ ಆಕಾಶ ಕಪ್ಪಾಯಿತು, ಅರಬೈಲು ಘಟ್ಟದ ಮೊದಲ ತಿರುವಿನಲ್ಲಿ ಮಳೆ ಸುರಿಯಿತು. ವೈಪರು ಸೋತು ಹೋಯಿತು. ಹಿಂದೆ ನೋಡಿದೆ. ತಾಡಪತ್ರಿಯ ನಡುವೆ ನೀರು ತುಂಬಿ ದೊಡ್ಡ ಹೊಟ್ಟೆಯ ಹಾಗೆ ಕೆಳಗೆ ಜೋತಿತ್ತು. ನಿಲ್ಲಿಸು ಎಂದು ನಾನು ಕಿರುಚುವುದಕ್ಕೂ ಅದರ ಹೊಲಿಗೆ ಹರಿಯುವುದಕ್ಕೂ ಸರಿಹೋಯಿತು. ಅಷ್ಟೂ ನೀರು ನೇರ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿತ್ತು.

ಒಂದು ಚಹಾದ ಗೂಡಂಗಡಿಯ ಪಕ್ಕ ಗಾಡಿ ನಿಂತಿತು. ಅಂಗಡಿ ಮುಚ್ಚಿತ್ತು. ಸೀರೆ ಎತ್ತಿ ಕಟ್ಟಿ ಹಿಂದೆ ಹತ್ತಿದೆ. ಡ್ರೈವರು ಹರಿದ ಕಡೆ ಇನ್ನೊಂದು ಪ್ಲಾಸ್ಟಿಕ್ಕು ಹೊದಿಸಿ ಕಟ್ಟಿದ. ನಾನು ಪೆಟ್ಟಿಗೆಗೆ ಕಿವಿ ಇಟ್ಟು, ಎರಡೂ ಕೈಯಲ್ಲಿ ಸ್ವಲ್ಪ ಅಲುಗಿಸಿದೆ. ಒಳಗೆ ಗುಳುಂ ಎಂದಿತು.

ನೀರು ಮುಚ್ಚಳದ ಸಂದಿನಿಂದ ಇಳಿದು ಒಳಗೆ ನಿಂತಿತ್ತು. ಹೋಗಲು ದಾರಿಯಿರಲಿಲ್ಲ. ದಾರಿ ಮುಚ್ಚಿದವಳು ನಾನೇ.

ಅಣ್ಣನಿಗೆ ಫೋನು ಮಾಡಲು ನೋಡಿದರೆ ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲ. ಕನ್ನಡಿ ನೀರಿನಲ್ಲಿ ನಿಂತಿದೆ, ಅದೂ ಉಪ್ಪು ಕುಡಿದ ಹಲಗೆಯ ನೀರಿನಲ್ಲಿ. ದಿಂಬು ಜಾರಿದೆಯೇ? ಗಾಜು ಬಿರಿದಿದೆಯೇ? ಒಮ್ಮೆ ನೋಡಿದರೆ ಸಾಕು, ಒಂದೇ ಸಲ.

"ತೆಗದ್ ನೋಡಿ ಅಕ್ಕೋರೆ," ಎಂದ ಡ್ರೈವರು. "ನಾ ಮೇಲೆ ಪ್ಲಾಸ್ಟಿಕ್ ಹಿಡ್ಕಂತೆ."

ನನ್ನ ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು. ಯಾಕಿತ್ತು ಎಂದು ಕೇಳಬೇಡಿ. ತೆಗೆಯುವುದಿಲ್ಲ ಎಂದು ಮಾತು ಕೊಟ್ಟವಳು ಹೊರಡುವಾಗ ಅದನ್ನೇ ಮೊದಲು ಚೀಲಕ್ಕೆ ಹಾಕಿಕೊಂಡಿದ್ದೆ. ಮೂಲೆಯ ಸ್ಕ್ರೂಗೆ ಇಟ್ಟು ಅರ್ಧ ಸುತ್ತು ತಿರುಗಿಸಿದೆ. ಕೈ ಒದ್ದೆ. ಸ್ಕ್ರೂಡ್ರೈವರ್ ಜಾರಿತು, ಬಳೆ ಪೆಟ್ಟಿಗೆಯ ಹಲಗೆಗೆ ಬಡಿದು ಟಿಕ್ ಎಂದಿತು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ತಿಳಿಯದು. ಅಲುಗಾಡದೆ ಕೂತಿದ್ದೆ ಎಂಬುದು ಮಾತ್ರ ನೆನಪಿದೆ. ಆಮೇಲೆ ಆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದೆ. ಮೊಣಕಾಲೂರಿ ಕೂತು, ಬುಡದ ತೂತುಗಳಲ್ಲಿ ನಾನೇ ತುರುಕಿದ ಬಟ್ಟೆಯನ್ನು ಅದೇ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಕಿತ್ತೆ. ಮೂರನೆಯದು ಕಿತ್ತು ಬರುವಾಗ ನೀರು ಭುಸ್ಸೆಂದು ನನ್ನ ಕಾಲ ಮೇಲೆ ಹರಿಯಿತು, ಬಂಗಡೆಯ ವಾಸನೆಯ ಸಮೇತ. ಐದೂ ತೆಗೆದೆ. ಗಾಡಿ ಏರಿನ ಮೇಲೆ ನಿಂತಿದ್ದರಿಂದ ನೀರು ಕೊನೆಯ ಹನಿಯವರೆಗೂ ಇಳಿಯಿತು. ಪೆಟ್ಟಿಗೆ ಮಾಡಿದ ದೇವಬಾಗದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ, ನನಗೆ ನಾನೇ ಬೈದುಕೊಂಡೆ.

ಯಲ್ಲಾಪುರದಲ್ಲಿ ನೆಟ್‌ವರ್ಕ್ ಸಿಕ್ಕಿತು. ತೂತು ಮುಚ್ಚಿದ್ದು, ನೀರು ನಿಂತದ್ದು, ಬಿಟ್ಟದ್ದು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ನೀರ್ ಪೂರ್ತಿ ಹೋಯ್ತಾ?" ಎಂದ ಅಣ್ಣ.

"ಹೋಯ್ತು."

"ಸಾಕು. ಈಗ ತೆಗದು ಒರೆಸೂಕೆ ಹೋದ್ರೆ ಗೀರು ಬೀಳ್ತದೆ. ಹಾಂಗೇ ಹೋಗು." ಸ್ವಲ್ಪ ತಡೆದು, "ತೂತು ಮುಚ್ಚಿದ್ದು ಪೆಟ್ಟಿಗೆ ಮಾಡ್ದವಂಗೆ ಹೇಳ್ಬೇಡ, ನನ್ನ ಜೀವ ತಿಂತ," ಎಂದ.

ಆ ರಾತ್ರಿ ಗದಗದಲ್ಲಿ ಉಳಿದು, ಮರುದಿನ ಮಧ್ಯಾಹ್ನ ಶಾಲೆ ಮುಟ್ಟಿದೆವು. ಇಷ್ಟು ಅಗಲದ ಆಕಾಶ ನಮ್ಮ ಕಡೆ ಸಮುದ್ರದ ಮೇಲೆ ಮಾತ್ರ ಇರುವುದು. ಸಮವಸ್ತ್ರದ ಹುಡುಗಿಯರು ಓಡಿ ಬಂದು ಟೆಂಪೋ ಸುತ್ತ ನಿಂತರು, ನಿಂತವರು ಎರಡು ಹೆಜ್ಜೆ ಹಿಂದೆ ಸರಿದು ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ಒಬ್ಬಳು ಮಾತ್ರ ಮುಂದೆ ಬಂದು ಪೆಟ್ಟಿಗೆ ಮೂಸಿ ನೋಡಿ ಕೇಳಿದಳು: "ಸಮುದ್ರದ ವಾಸ್ನಿ ಹಿಂಗ ಇರ್ತದೇನ್ರೀ ಮೇಡಂ?"

ಹೂಂ ಎಂದೆ. ಬೇರೆ ಏನು ಹೇಳಲಿ?

ವರಾಂಡದಲ್ಲಿ ಪೆಟ್ಟಿಗೆ ಇಳಿಸಿ, ಮುಖ್ಯೋಪಾಧ್ಯಾಯಿನಿಯವರ ಎದುರು ಸ್ಕ್ರೂಗಳನ್ನು ಬಿಚ್ಚಿದೆ. ಈಗ ತೆಗೆಯಬಹುದು ಎನ್ನುವಾಗಲೇ ಕೈ ಏಳಲಿಲ್ಲ. ಡ್ರೈವರನೇ ಮುಚ್ಚಳ ಎತ್ತಿದ. ಕನ್ನಡಿ ನಿಲ್ಲಿಸಿದ ಹಾಗೇ ನಿಂತಿತ್ತು. ಬೆರಳಿನಿಂದ ಅಂಚನ್ನು ಸುತ್ತ ಸವರಿದೆ. ಎಲ್ಲೂ ಒಡೆದಿರಲಿಲ್ಲ, ಬಿರಿದಿರಲಿಲ್ಲ. ಆದರೆ ಕೆಳಗೆ, ನೀರು ನಿಂತಷ್ಟು ಜಾಗದಲ್ಲಿ, ಕಲ್ಲಂಗಡಿ ಹೋಳಿನ ಆಕಾರಕ್ಕೆ ಹೊಳಪು ಮಂಕಾಗಿ ಬೂದು ಬಣ್ಣವಾಗಿತ್ತು. ಅಳು ಬಂತು. ಹುಡುಗಿಯರ ಮುಂದೆಯೇ ಅತ್ತೆ.

ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಅಣ್ಣನಿಗೆ ಫೋನು ಮಾಡಿದೆ.

"ಗಾಜು?" ಎಂದ.

"ಗಾಜಿಗೆ ಏನೂ ಆಗ್ಲಿಲ್ಲ. ಹೊಳಪು ಹೋಗ್ಯದೆ ಅಣ್ಣ. ಕೆಳಗೆ, ಒಂದು ಹೋಳಿನಷ್ಟು."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಹೊಳಪು ನಂದಲ್ಲ ತಂಗಿ. ಅದು ಬೆಂಗಳೂರಲ್ಲಿ ಹಚ್ಚಿಸ್ಕಂಡು ಬಂದ ಅಲ್ಯುಮಿನಿಯಂ, ಕೂದಲಿನಷ್ಟೂ ದಪ್ಪ ಇಲ್ಲ. ಇನ್ನೊಂದ್ಸಲ ಹಚ್ತಾರೆ. ನಾ ಅರದದ್ದು ಗಾಜು, ಅದು ಹಾಂಗೇ ಅದೆ ಅಲ್ಲ? ಅಲ್ಲೀವರೆಗೆ ಅಷ್ಟು ಬೆಳಕು ಕಮ್ಮಿ. ಮಕ್ಕಳಿಗೆ ಚಂದ್ರ ಕಾಣ್ತ, ಶನಿ ಬಳೆ ಕಾಣ್ತದೆ." ಆಮೇಲೆ ಏನೋ ನೆನಪಾದವನಂತೆ, "ಬೇಸಿಗೆ ರಜೆಗೆ ಅದನ್ನ ಬೆಂಗಳೂರಿಗೆ ಒಯ್ಯಬೇಕು. ನೀನೇ ಒಯ್ಯಿ," ಎಂದ.

ಮೂರನೆಯ ಸಲ ನನ್ನ ಕೈಗೆ. ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಅಣ್ಣ, ಮೊದಲನೇದು ಜೀಪಿನವ ಒಡೀಲಿಲ್ಲ. ಗುಂಡಿಗೆ ಬೀಳ್ಲೇ ಇಲ್ಲ. ನಾನೇ ತೆಗದು ನೋಡೂಕೆ ಹೋಗಿ ಕೆಳಗೆ ಹಾಕಿದ್ದೆ."

ಆ ಕಡೆ ಫ್ಯಾನು ತಿರುಗುವುದು, ಅತ್ತಿಗೆ ಒಳಗೆ ಪಾತ್ರೆ ಇಡುವುದು ಕೇಳುತ್ತಿತ್ತು. ಆದರೂ ಫೋನು ಕಟ್ಟಾಯಿತೇನೋ ಎಂದು ಎರಡು ಸಲ ನೋಡಿದೆ.

"ಈ ಸಲ ತೆಗೀಲಿಲ್ಲ ಅಲ್ಲ?" ಎಂದ ಕೊನೆಗೆ.

"ಇಲ್ಲ. ಒಂದು ಸ್ಕ್ರೂ ಅರ್ಧ ತಿರು..."

"ತೆಗೀಲಿಲ್ಲ ಅಲ್ಲ?"

"ಇಲ್ಲ ಅಣ್ಣ."

"ಹಾಂಗಾರೆ ಆ ಜೀಪಿನವ್ನ ಹುಡ್ಕು. ಬೆಂಗಳೂರಿಗೆ ಅವನ ಗಾಡೀಲೇ ಹೋಗು. ಏನ್ ಹೇಳ್ಬೇಕೋ ಅವಂಗೆ ಹೇಳು, ನಂಗಲ್ಲ." ಹಾಗೆಂದು ಫೋನಿಟ್ಟ.

ಹುಡುಕಿದ್ದಾಗಿದೆ. ಅವನು ಜೀಪು ಮಾರಿ ಬಹಳ ವರ್ಷವಾಯಿತಂತೆ. ಈಗ ಕದ್ರಾ ಹತ್ತಿರದ ಮಲ್ಲಾಪುರದಲ್ಲಿ ಬಾಡಿಗೆಗೆ ಕಾರು ಓಡಿಸುತ್ತಾನೆ. ಅವನ ನಂಬರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟು ನಾಲ್ಕು ತಿಂಗಳಾಯಿತು, ಬೇಸಿಗೆ ರಜೆ ಬಂದೇಬಿಟ್ಟಿತು. ಶಾಲೆಯಿಂದ ಹುಡುಗಿಯರು ಶನಿಯ ಬಳೆಯ ಚಿತ್ರ ಬಿಡಿಸಿ ಕಳಿಸಿದ್ದಾರೆ, ಅದನ್ನೂ ಅದರ ಪಕ್ಕಕ್ಕೇ ಅಂಟಿಸಿದ್ದೇನೆ. ದಿನಾ ಹತ್ತು ಸಲ ಫ್ರಿಜ್ಜಿನ ಬಾಗಿಲು ತೆಗೆಯುತ್ತೇನೆ, ಹಾಕುತ್ತೇನೆ, ಆ ನಂಬರು ಮಾತ್ರ ಒತ್ತುವುದಿಲ್ಲ. ಸುಮ್ಮನೆ ಕೂರಲು ಬಾರದ ನಾನು, ಇದೊಂದು ವಿಷಯದಲ್ಲಿ ಮಾತ್ರ ಇನ್ನೂ ಕೂತೇ ಇದ್ದೇನೆ.